ದನ ತುಳಿದ ಕೆಸರು ಮತ್ತು ಕ್ಯಾಪ್ಟನ್ ಲ್ಯೂಕಸ್

ಬೋರ್‌ವೆಲ್ ಕೊರೆಯೋದನ್ನ ನಾವೆಲ್ಲ ನೋಡಿದ್ದೀವಿ. ಗಟ್ಟಿ ಬಂಡೆಯಾದರೆ ಗೋಡೆ ತಾನಾಗೇ ನಿಲ್ಲುತ್ತೆ. ಸಡಿಲ ಮರಳಾದರೆ? ಕುಸಿಯುತ್ತೆ. ಈ ಕುಸಿತವೇ ಒಬ್ಬ ಇಂಜಿನಿಯರ್‌ನ ವರ್ಷಗಳ ಶ್ರಮವನ್ನು ನುಂಗುವುದರಲ್ಲಿತ್ತು.

ಆಂಥೊನಿ ಲ್ಯೂಕಸ್ ಹುಟ್ಟಿದ್ದು 1855ರಲ್ಲಿ, ಈಗ ಕ್ರೊಯೇಷಿಯಾದಲ್ಲಿರುವ ಸ್ಪ್ಲಿಟ್‌ನಲ್ಲಿ. ಗ್ರಾಝ್‌ನಲ್ಲಿ ಇಂಜಿನಿಯರಿಂಗ್ ಓದಿ, ಆಸ್ಟ್ರಿಯಾದ ನೌಕಾಪಡೆ ಸೇರಿ, 1879ರಲ್ಲಿ ಅಮೆರಿಕಕ್ಕೆ ಹೋದವರು ಅಲ್ಲೇ ಉಳಿದರು. ಲೂಸಿಯಾನಾದಲ್ಲಿ ಉಪ್ಪಿನ ನಿಕ್ಷೇಪ ಹುಡುಕುವಾಗ ಅವರಿಗೊಂದು ವಿಷಯ ಹೊಳೆಯಿತು: ನೆಲದಡಿ ಗುಮ್ಮಟದಂತೆ ಉಬ್ಬಿದ ಉಪ್ಪಿನ ಸುತ್ತ ಎಣ್ಣೆ ಇರಬಹುದು.

ಆ ನಂಬಿಕೆಯಲ್ಲೇ 1899ರಲ್ಲಿ ಟೆಕ್ಸಾಸ್‌ನ ಸ್ಪಿಂಡಲ್‌ಟಾಪ್ ದಿಬ್ಬದಲ್ಲಿ ಜಮೀನು ಗುತ್ತಿಗೆ ಹಿಡಿದರು. ಸುಮಾರು 575 ಅಡಿ ಕೊರೆಯುವಷ್ಟರಲ್ಲಿ ಹಣ ಮುಗಿಯಿತು. ಅಲ್ಲಿ ಎಣ್ಣೆ ಸಿಗಲ್ಲ ಅಂತ ತಜ್ಞರು ಕೈಯಾಡಿಸಿಬಿಟ್ಟರು. ಪತ್ನಿ ಕ್ಯಾರೊಲಿನ್ ಮಾತ್ರ ಧೈರ್ಯ ತುಂಬಿದರು. ಕೊನೆಗೆ ಗಫಿ, ಗೇಲಿ ಎಂಬ ಉದ್ಯಮಿಗಳು ಹಣ ಹಾಕಿದರು. ಲ್ಯೂಕಸ್‌ಗೆ ಉಳಿದಿದ್ದು ಎಂಟನೇ ಒಂದು ಪಾಲು ಅಷ್ಟೇ.

1900ರಲ್ಲಿ ಹ್ಯಾಮಿಲ್ ಸಹೋದರರು ಮತ್ತೆ ಕೊರೆಯಲು ಶುರುಮಾಡಿದರು. ಪೈಪಿನೊಳಗೆ ನೀರು ಪಂಪ್ ಮಾಡಿದರೆ ಕೊರೆದ ಪುಡಿ ಮೇಲೆ ಬರಬೇಕು. ಆದರೆ ಬರೀ ನೀರು ಮರಳಿನೊಳಗೆ ಇಂಗಿಹೋಗಿ ಗೋಡೆ ಕುಸಿಯತೊಡಗಿತು. ಆಗ ಅವರು ನೀರಿನ ಹೊಂಡಕ್ಕೆ ದನಗಳನ್ನು ಇಳಿಸಿ ತುಳಿಸಿದರಂತೆ! ಜೇಡಿ ಕಲೆತ ಆ ಬಗ್ಗಡ ನೀರು ಮರಳಿನ ಸಂದು ಮುಚ್ಚಿ, ಗೋಡೆಗೆ ಗಿಲಾವಿನಂತೆ ಮೆತ್ತಿಕೊಂಡಿತು. ಬಾವಿ ನಿಂತಿತು.

1901ರ ಜನವರಿ 10. ಸಾವಿರ ಅಡಿ ದಾಟಿದ್ದ ಬಾವಿಯಿಂದ ಮೊದಲು ಕೆಸರು ಉಕ್ಕಿತು, ಪೈಪುಗಳು ಹಾರಿದವು, ಆಮೇಲೆ ಎಣ್ಣೆ ಸುಮಾರು 150 ಅಡಿ ಎತ್ತರಕ್ಕೆ ಚಿಮ್ಮಿತು. ಪೇಟೆಯಲ್ಲಿದ್ದ ಲ್ಯೂಕಸ್ ಓಡೋಡಿ ಬಂದರು. ದಿನಕ್ಕೆ ಸುಮಾರು 1 ಲಕ್ಷ ಬ್ಯಾರೆಲ್! ಬಾವಿಯ ಬಾಯಿ ಕಟ್ಟಲು 9 ದಿನ ಹಿಡಿಯಿತು.

ಲ್ಯೂಕಸ್ 1921ರಲ್ಲಿ ತೀರಿಕೊಂಡರು. ಇಂದು ಕೊರೆಯುವವರನ್ನು ಕಾಡುವುದು ಮರಳಿಗಿಂತ ಹೆಚ್ಚಾಗಿ ಶೇಲ್ ಶಿಲೆ. ಅದರಲ್ಲಿರುವ ಜೇಡಿ ನೀರು ಕುಡಿದು ಊದಿಕೊಳ್ಳುತ್ತೆ, ಗೋಡೆ ಉದುರುತ್ತೆ, ಪೈಪು ಸಿಕ್ಕಿಹಾಕಿಕೊಳ್ಳುತ್ತೆ. ಎಣ್ಣೆ ಆಧಾರಿತ ಮಡ್ ಬಳಸಬಹುದು, ಆದರೆ ಅದು ದುಬಾರಿ, ಪರಿಸರಕ್ಕೂ ತೊಂದರೆ. ನೀರಿನ ಮಡ್ಡನ್ನೇ ಬಳಸೋಣ ಅಂದ್ರೆ ಶೇಲ್‌ನ ರಂಧ್ರಗಳು ನ್ಯಾನೊಮೀಟರ್ ಅಳತೆಯವು. ಮಾಮೂಲಿ ಬೆಂಟೊನೈಟ್ ಕಣಗಳು ಅವನ್ನು ಮುಚ್ಚಲಾರದಷ್ಟು ದಪ್ಪ. ಅದಕ್ಕೇ ಸಂಶೋಧಕರು ನ್ಯಾನೊ ಜೇಡಿಯನ್ನು ಪರೀಕ್ಷಿಸುತ್ತಿದ್ದಾರೆ. ಉದಾಹರಣೆಗೆ ಲ್ಯಾಪೊನೈಟ್ ಎಂಬ ಕೃತಕ ಜೇಡಿಯ ಬಿಲ್ಲೆ ಸುಮಾರು 25 ನ್ಯಾನೊಮೀಟರ್ ಅಗಲ, 1 ನ್ಯಾನೊಮೀಟರ್ ದಪ್ಪ. ಇಂಥ ಕಣಗಳು ರಂಧ್ರದ ಬಾಯಿಗೆ ಕೂತರೆ ನೀರು ಒಳಗೆ ಹೋಗೋದು ಕಡಿಮೆಯಾಗುತ್ತೆ.

ನೋಡಿ, ಉಪಾಯ ಹಳೇದೇ: ಸಂದಿಗೆ ತಕ್ಕ ಜೇಡಿ. ಅಳತೆ ಮಾತ್ರ ಬದಲಾಗಿದೆ. ಮುಂದಿನ ಸಲ ಲ್ಯಾಬಲ್ಲಿ ಕೈಗೆ ಜೇಡಿ ಮೆತ್ತಿಕೊಂಡಾಗ ಗೊಣಗೋ ಮುಂಚೆ ಲ್ಯೂಕಸ್ ಬಾವಿಯನ್ನ ಒಮ್ಮೆ ನೆನೆಸಿಕೊಳ್ಳಿ.