ಎಲೀ ಮೆಚ್ನಿಕಾಫ್

ಎಲೀ ಮೆಚ್ನಿಕಾಫ್ (೧೮೪೫–೧೯೧೬) ರಷ್ಯಾ ಸಾಮ್ರಾಜ್ಯದಲ್ಲಿ ಜನಿಸಿ ಪ್ಯಾರಿಸ್ಸಿನಲ್ಲಿ ನೆಲೆಸಿದ ಪ್ರಾಣಿಶಾಸ್ತ್ರಜ್ಞ. ರೋಗನಿರೋಧಕ ಶಕ್ತಿಯ ಕುರಿತಾದ ಸಂಶೋಧನೆಗಾಗಿ ೧೯೦೮ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಪಾಲ್ ಎರ್ಲಿಖ್ ಅವರೊಂದಿಗೆ ಹಂಚಿಕೊಂಡರು. ಇಂದು ಪ್ರೋಬಯಾಟಿಕ್ ಎಂದು ಕರೆಯಲಾಗುವ ಉಪಕಾರಿ ಬ್ಯಾಕ್ಟೀರಿಯಾಗಳ ಕಲ್ಪನೆಯ ಇತಿಹಾಸವೂ ಸಾಮಾನ್ಯವಾಗಿ ಇವರಿಂದಲೇ ಆರಂಭವಾಗುತ್ತದೆ.

ಜೀವನ

ಇಂದಿನ ಉಕ್ರೇನಿನ ಖಾರ್ಕಿವ್ ಸಮೀಪದ ಹಳ್ಳಿಯೊಂದರಲ್ಲಿ ಹುಟ್ಟಿದ ಮೆಚ್ನಿಕಾಫ್, ಖಾರ್ಕಿವ್ ವಿಶ್ವವಿದ್ಯಾಲಯದ ನಾಲ್ಕು ವರ್ಷಗಳ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಮುಗಿಸಿದರು. ೧೮೬೫ರಲ್ಲಿ ಜರ್ಮನಿಯ ಗೀಸೆನ್‌ನಲ್ಲಿದ್ದಾಗ, ಚಪ್ಪಟೆ ಹುಳುವೊಂದರಲ್ಲಿ ಜೀವಕೋಶಗಳು ಆಹಾರವನ್ನು ತಮ್ಮೊಳಗೇ ಜೀರ್ಣಿಸಿಕೊಳ್ಳುವುದನ್ನು ಕಂಡರು. ಮುಂದಿನ ಅವರ ಸಾಧನೆಗಳ ಬೀಜ ಈ ವೀಕ್ಷಣೆಯಲ್ಲಿಯೇ ಇತ್ತು.

ಒಡೆಸ್ಸಾದಲ್ಲಿ ಪ್ರಾಧ್ಯಾಪಕರಾಗಿದ್ದ ಕಾಲ ಸುಖದ್ದಾಗಿರಲಿಲ್ಲ. ಮೊದಲ ಪತ್ನಿ ಲುಡ್ಮಿಲಾ ವಿವಾಹದ ವೇಳೆಗೇ ಕ್ಷಯದಿಂದ ಬಳಲಿದ್ದರು, ೧೮೭೩ರಲ್ಲಿ ತೀರಿಕೊಂಡರು. ಎರಡನೆಯ ಪತ್ನಿ ಓಲ್ಗಾ ಅವರಿಗೆ ವಿಷಮಶೀತ ಜ್ವರ ಬಂದಿತು. ಈ ವರ್ಷಗಳಲ್ಲಿ ಮೆಚ್ನಿಕಾಫ್ ಎರಡು ಬಾರಿ ತಮ್ಮ ಪ್ರಾಣವನ್ನೇ ಕಳೆದುಕೊಳ್ಳಲು ಯತ್ನಿಸಿದರು. ಮುಂದೆ ದೀರ್ಘಾಯುಷ್ಯದ ಮಾರ್ಗವನ್ನು ಅರಸಿದವರು ಇವರೇ ಎಂಬುದು ಗಮನಾರ್ಹ.

೧೮೮೨ರಲ್ಲಿ ಹುದ್ದೆಯನ್ನು ತೊರೆದು ಸಿಸಿಲಿಯ ಮೆಸ್ಸಿನಾಕ್ಕೆ ಹೋದರು. ಅಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಗಳಿಗೆ ಮುಳ್ಳು ಚುಚ್ಚಿ ಮರುದಿನ ನೋಡಿದಾಗ, ಚಲಿಸುವ ಜೀವಕೋಶಗಳು ಮುಳ್ಳನ್ನು ಸುತ್ತುವರಿದಿದ್ದವು. ಆಹಾರವನ್ನು ನುಂಗುವ ಕೋಶವೇ ರೋಗಾಣುವನ್ನೂ ನುಂಗಬಲ್ಲದೆಂಬ ಭಕ್ಷಕಕೋಶ ಸಿದ್ಧಾಂತ ಹೀಗೆ ರೂಪುಗೊಂಡಿತು. ೧೮೮೮ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿ ಕೊನೆಯವರೆಗೂ ಅಲ್ಲಿಯೇ ಉಳಿದರು. ೧೯೧೬ರ ಜುಲೈನಲ್ಲಿ ಹೃದ್ರೋಗದಿಂದ ನಿಧನರಾದಾಗ ಅವರಿಗೆ ೭೧ ವರ್ಷ. ಅವರ ಚಿತಾಭಸ್ಮವನ್ನು ಸಂಸ್ಥೆಯ ಗ್ರಂಥಾಲಯದಲ್ಲಿ ಇರಿಸಲಾಗಿದೆ.

ಮುಪ್ಪು ಮತ್ತು ಹುಳಿಹಾಲು

ದೊಡ್ಡ ಕರುಳಿನಲ್ಲಿ ಆಹಾರಶೇಷವನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳು ವಿಷವಸ್ತುಗಳನ್ನು ಉಂಟುಮಾಡುತ್ತವೆ, ಅಕಾಲ ಮುಪ್ಪಿಗೆ ಅವೇ ಕಾರಣ ಎಂಬುದು ಮೆಚ್ನಿಕಾಫರ ವಾದ. ಹಾಲನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲವನ್ನು ಬಿಡುಗಡೆ ಮಾಡಿ ಕೊಳೆತವನ್ನು ತಡೆಯುತ್ತವೆಂದು ಅವರು ಊಹಿಸಿದರು. ಬಲ್ಗೇರಿಯಾದ ರೈತರ ದೀರ್ಘಾಯುಷ್ಯದ ವರದಿಗಳು ಈ ಊಹೆಗೆ ಇಂಬು ನೀಡಿದವು. ಅಲ್ಲಿನ ಮೊಸರಿನ ಬ್ಯಾಸಿಲಸ್ ಅನ್ನು ಸ್ಟಾಮೆನ್ ಗ್ರಿಗೊರೋಫ್ ೧೯೦೫ರಲ್ಲಿ ವಿವರಿಸಿದ್ದರು. ೧೯೦೭ರ ತಮ್ಮ ಗ್ರಂಥದಲ್ಲಿ ಮೆಚ್ನಿಕಾಫ್ ಈ ವಿಚಾರವನ್ನು ವಿಸ್ತರಿಸಿದರು. ಸ್ವತಃ ಹುಳಿಹಾಲನ್ನು ನಿಯಮಿತವಾಗಿ ಸೇವಿಸುತ್ತಿದ್ದರು. ಯುರೋಪಿನಲ್ಲಿ ಮೊಸರಿನ ವ್ಯಾಪಾರ ಭರದಿಂದ ಬೆಳೆಯಿತು.

ಆದರೆ ವಾದ ಪುರಾವೆಯನ್ನು ಮೀರಿ ಓಡಿತ್ತು. ರೈತರ ಆಯುಷ್ಯಕ್ಕೆ ಮೊಸರೇ ಕಾರಣವೆಂಬುದನ್ನು ಯಾರೂ ಪರೀಕ್ಷಿಸಿರಲಿಲ್ಲ. ಬಲ್ಗೇರಿಯಾದ ಬ್ಯಾಸಿಲಸ್ ಮನುಷ್ಯನ ಕರುಳಿನಲ್ಲಿ ನೆಲೆಯೂರುವುದಿಲ್ಲವೆಂಬುದು ಅನಂತರ ತಿಳಿದುಬಂದಿತು. ದೊಡ್ಡ ಕರುಳು ಮನುಷ್ಯನಿಗೆ ಅನಗತ್ಯವೆಂಬ ಅವರ ಅಭಿಪ್ರಾಯವಂತೂ ಅಪಾಯಕಾರಿಯೇ ಆಗಿತ್ತು: ಇಂಗ್ಲೆಂಡಿನ ಶಸ್ತ್ರವೈದ್ಯ ಅರ್ಬತ್‌ನಾಟ್ ಲೇನ್ ಇಂಥದೇ ನಂಬಿಕೆಯಿಂದ ರೋಗಿಗಳ ದೊಡ್ಡ ಕರುಳನ್ನು ತೆಗೆದುಹಾಕುತ್ತಿದ್ದರು.

ವಯಸ್ಸು ಮತ್ತು ಕರುಳಿನ ಬ್ಯಾಕ್ಟೀರಿಯಾ

ಪಾಶ್ಚರ್ ಸಂಸ್ಥೆಯಲ್ಲಿಯೇ ಆನ್ರಿ ಟಿಸಿಯೆ ಎದೆಹಾಲು ಕುಡಿಯುವ ಶಿಶುಗಳ ಮಲದಲ್ಲಿ ಕವಲೊಡೆದ ಆಕಾರದ ಬ್ಯಾಕ್ಟೀರಿಯಾವನ್ನು ೧೮೯೯ರಲ್ಲಿ ಗುರುತಿಸಿದ್ದರು. ಇಂದು ಅದರ ಹೆಸರು ಬಿಫಿಡೊಬ್ಯಾಕ್ಟೀರಿಯಂ. ಮುದುಕರ ಕರುಳನ್ನು ಕುರಿತು ಮೆಚ್ನಿಕಾಫ್ ಕೇಳಿದ ಪ್ರಶ್ನೆಯನ್ನು ಟಿಸಿಯೆ ಶಿಶುಗಳ ಅತಿಸಾರದ ವಿಷಯದಲ್ಲಿ ಕೇಳಿದರು. ಎದೆಹಾಲಿನಲ್ಲಿರುವ ಕೆಲವು ಸಕ್ಕರೆಗಳನ್ನು ಮಗು ಜೀರ್ಣಿಸಿಕೊಳ್ಳಲಾರದು. ಅವು ಈ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತವೆ. ಮಗು ಹಾಲು ಬಿಟ್ಟು ಅನ್ನಾಹಾರಕ್ಕೆ ಬಂದಂತೆ ಅವುಗಳ ಪ್ರಮಾಣ ಇಳಿಯುತ್ತದೆ. ಮುಪ್ಪಿನಲ್ಲಿ ಆಹಾರ, ಔಷಧ ಮತ್ತು ಕಾಯಿಲೆಗಳಿಂದ ಕರುಳಿನ ಸಮುದಾಯ ಮತ್ತೆ ಬದಲಾಗುತ್ತದೆ.

ಆದುದರಿಂದ ಎಲ್ಲ ವಯಸ್ಸಿನವರಿಗೂ ಒಂದೇ ಮದ್ದೆಂಬುದು ಸಲ್ಲದು. ಪ್ರತಿಜೈವಿಕ ಔಷಧಗಳಿಂದ ಉಂಟಾಗುವ ಭೇದಿಯನ್ನು ತಡೆಯುವಲ್ಲಿ ಕೆಲವು ತಳಿಗಳು ಉಪಯುಕ್ತವೆಂದು ಕಂಡುಬಂದಿದೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೂ ನಿರೋಧಕ ಶಕ್ತಿ ಕುಂದಿದವರಿಗೂ ವೈದ್ಯರ ನಿಗಾ ಇಲ್ಲದೆ ಇವನ್ನು ಕೊಡುವುದು ಅಪಾಯಕರ. ಆಯುಷ್ಯ ಹೆಚ್ಚಿಸುವ ಗುಣ ಯಾವ ತಳಿಗೂ ಇದೆಯೆಂದು ಸಿದ್ಧವಾಗಿಲ್ಲ. ನಮ್ಮ ಮನೆಗಳಲ್ಲಿ ಹೆಪ್ಪು ಹಾಕುವ ಮೊಸರು ಪೌಷ್ಟಿಕ ಆಹಾರವೇ ಹೌದು. ಆದರೆ ಅದರಲ್ಲಿರುವ ಬ್ಯಾಕ್ಟೀರಿಯಾಗಳು ಮನೆಯಿಂದ ಮನೆಗೆ ಬೇರೆಯಾಗುವುದರಿಂದ ಅದನ್ನು ನಿರ್ದಿಷ್ಟ ಚಿಕಿತ್ಸೆಯೆಂದು ಭಾವಿಸಲಾಗದು.

ಜಪಾನಿನ ಮಿನೋರು ಶಿರೋಟ, ಕರುಳನ್ನು ಜೀವಂತವಾಗಿ ತಲಪಬಲ್ಲ ಲ್ಯಾಕ್ಟೋಬ್ಯಾಸಿಲಸ್ ತಳಿಯೊಂದನ್ನು ೧೯೩೦ರಲ್ಲಿ ಬೆಳೆಸಿದರು. ಅದರಿಂದ ತಯಾರಾದ ಯಾಕುಲ್ಟ್ ಪಾನೀಯ ೧೯೩೫ರಲ್ಲಿ ಮಾರಾಟಕ್ಕೆ ಬಂದಿತು.