ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಗುಣವಾಗುತ್ತದೆಯೇ? ಓಟೋ ವಾರ್‌ಬರ್ಗ್ ನಿಜಕ್ಕೂ ಕಂಡುಹಿಡಿದದ್ದೇನು?

ಕ್ಯಾನ್ಸರ್‌ಗೆ ಕಾರಣ ಕಂಡುಹಿಡಿದ ಓಟೋ ವಾರ್‌ಬರ್ಗ್‌ಗೆ 1931ರಲ್ಲಿ ನೊಬೆಲ್ ಬಂತು, ಸಕ್ಕರೆ ಬಿಟ್ಟು ನಿಂಬೆರಸ ಕುಡಿದರೆ ಗಡ್ಡೆ ಕರಗುತ್ತದೆ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಹರಿದಾಡುತ್ತದೆ. ವ್ಯಕ್ತಿ ನಿಜ, ನೊಬೆಲ್ ಬಂದ ವರ್ಷವೂ ನಿಜ. ಉಳಿದದ್ದನ್ನು ನೋಡೋಣ.

ಅವರು ಯಾರು?

ವಾರ್‌ಬರ್ಗ್ 1883ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಹುಟ್ಟಿದರು. ತಂದೆ ಭೌತವಿಜ್ಞಾನಿ. ಮಗ ಮೊದಲು ರಸಾಯನವಿಜ್ಞಾನ, ಆಮೇಲೆ ವೈದ್ಯಕೀಯ ಓದಿದರು. ಮೊದಲ ಮಹಾಯುದ್ಧದಲ್ಲಿ ಅವರು ಅಶ್ವದಳದಲ್ಲಿದ್ದಾಗ, ವಿಜ್ಞಾನಕ್ಕೆ ಮರಳುವಂತೆ ಐನ್‌ಸ್ಟೀನ್ ಪತ್ರ ಬರೆದು ಒತ್ತಾಯಿಸಿದ್ದರು.

1920ರ ದಶಕದಲ್ಲಿ ಬರ್ಲಿನ್‌ನಲ್ಲಿ ಗಡ್ಡೆಯ ತೆಳು ಚೂರುಗಳನ್ನು ಪರೀಕ್ಷಿಸಿದಾಗ ಅವರಿಗೊಂದು ವಿಚಿತ್ರ ಕಂಡಿತು. ಆಮ್ಲಜನಕ ಸಾಕಷ್ಟಿದ್ದರೂ ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಲ್ಯಾಕ್ಟಿಕ್ ಆಮ್ಲವಾಗಿ ಒಡೆಯುತ್ತಿದ್ದವು. ಈ ದಾರಿಯಲ್ಲಿ ಸಿಗುವ ಶಕ್ತಿ ಕಡಿಮೆ, ಹಾಗಾಗಿ ಅವು ತುಂಬಾ ಗ್ಲೂಕೋಸ್ ಹೀರುತ್ತವೆ. ಆದರೆ ನೊಬೆಲ್ ಬಂದದ್ದು ಇದಕ್ಕಲ್ಲ, ಕೋಶಗಳ ಉಸಿರಾಟಕ್ಕೆ ನೆರವಾಗುವ ಕಿಣ್ವದ ಸಂಶೋಧನೆಗೆ.

ತಂದೆಯ ಮನೆತನ ಯಹೂದಿ ಮೂಲದ್ದಾಗಿದ್ದರೂ ವಾರ್‌ಬರ್ಗ್ ಹಿಟ್ಲರನ ಜರ್ಮನಿಯಲ್ಲೇ ಉಳಿದರು. 1941ರಲ್ಲಿ ಹುದ್ದೆ ಹೋಗಿ, ಕೆಲವೇ ವಾರಗಳಲ್ಲಿ ಮರಳಿ ಸಿಕ್ಕಿತು. ಕೋಶದ ಉಸಿರಾಟ ಕೆಡುವುದೇ ಕ್ಯಾನ್ಸರ್‌ಗೆ ಮೂಲ ಎಂದು ಕೊನೆಯವರೆಗೂ ನಂಬಿದ್ದರು. ವಿಜ್ಞಾನ ಇದನ್ನು ಒಪ್ಪಲಿಲ್ಲ. ಮೂಲ ಇರುವುದು ಜೀನ್‌ಗಳ ಬದಲಾವಣೆಯಲ್ಲಿ. 1970ರಲ್ಲಿ ಅವರು ತೀರಿಕೊಂಡರು.

ಅವರ ಶೋಧ ಇಂದು ಎಲ್ಲಿದೆ?

ಪೆಟ್ ಸ್ಕ್ಯಾನ್‌ನಲ್ಲಿದೆ. 1976ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಎಫ್‌ಡಿಜಿ ಎಂಬ ವಿಕಿರಣಶೀಲ ಗ್ಲೂಕೋಸನ್ನು ಮೊದಲ ಬಾರಿ ಮನುಷ್ಯರಿಗೆ ಚುಚ್ಚಲಾಯಿತು. ಹಸಿದ ಗಡ್ಡೆ ಇದನ್ನು ಹೆಚ್ಚು ಹೀರಿ, ಸ್ಕ್ಯಾನ್‌ನಲ್ಲಿ ಹೊಳೆಯುತ್ತದೆ. ಸುಮಾರು 110 ನಿಮಿಷಕ್ಕೊಮ್ಮೆ ಇದರ ವಿಕಿರಣ ಅರ್ಧಕ್ಕಿಳಿಯುತ್ತದೆ.

ಮೂಳೆ, ಸ್ನಾಯು, ಕೊಬ್ಬಿನಲ್ಲಿ ಹುಟ್ಟುವ ಸಾರ್ಕೋಮಾ ಕ್ಯಾನ್ಸರ್‌ಗಳಲ್ಲಿ ಇದರ ನೆರವು ದೊಡ್ಡದು. ಮಕ್ಕಳು, ಹದಿಹರೆಯದವರಲ್ಲಿ ಕಾಣುವ ಈವಿಂಗ್ ಸಾರ್ಕೋಮಾ ಬೇರೆ ಮೂಳೆಗಳಿಗೆ ಹರಡಿದೆಯೇ, ಬಯಾಪ್ಸಿಗೆ ಎಲ್ಲಿಂದ ಚೂರು ತೆಗೆಯಬೇಕು, ಕೀಮೋಥೆರಪಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಇದು ಸಹಾಯಕ. ಗಡ್ಡೆಯ ಗಾತ್ರ ಇಳಿಯುವ ಮೊದಲೇ ಹೊಳಪು ಇಳಿಯಬಹುದು.

ಆದರೆ ಹೊಳೆಯುವುದೆಲ್ಲ ಕ್ಯಾನ್ಸರ್ ಅಲ್ಲ. ಕ್ಷಯ, ಸೋಂಕು, ಕೂಡಿಕೊಳ್ಳುತ್ತಿರುವ ಮೂಳೆ ಮುರಿತವೂ ಹೊಳೆಯುತ್ತವೆ. ನಿಧಾನ ಬೆಳೆಯುವ ಕೆಲವು ಗಡ್ಡೆಗಳು ಮಂಕಾಗಿರುತ್ತವೆ. ಶ್ವಾಸಕೋಶದ ಸಣ್ಣ ಗಂಟುಗಳಿಗೆ ಸಿಟಿ ಸ್ಕ್ಯಾನ್ ಬೇಕು. ಖಚಿತಪಡಿಸುವುದು ಬಯಾಪ್ಸಿಯೇ.

ಹಾಗಾದರೆ ಸಕ್ಕರೆ, ನಿಂಬೆರಸ?

ಸಕ್ಕರೆ ಬಿಟ್ಟರೂ ಅನ್ನ, ಮುದ್ದೆಯಿಂದ ಗ್ಲೂಕೋಸ್ ಸಿಗುತ್ತದೆ. ಉಪವಾಸವಿದ್ದರೂ ಯಕೃತ್ತು ಅದನ್ನು ತಯಾರಿಸುತ್ತದೆ. ರಕ್ತದ ಆಮ್ಲೀಯತೆಯನ್ನು ಶ್ವಾಸಕೋಶ, ಮೂತ್ರಪಿಂಡಗಳು ಹತೋಟಿಯಲ್ಲಿಡುತ್ತವೆ, ನಿಂಬೆರಸದಿಂದ ಅದು ಬದಲಾಗದು. ಸ್ಕ್ಯಾನ್‌ಗೆ ಮೊದಲು ನಾಲ್ಕಾರು ಗಂಟೆ ಊಟ ಬೇಡ ಎನ್ನುವುದು ಚಿತ್ರ ಸ್ಪಷ್ಟವಾಗಿ ಬರಲಿ ಎಂದಷ್ಟೇ, ಅದು ಚಿಕಿತ್ಸೆಯಲ್ಲ.

ಈ ಸಂದೇಶ ನಂಬಿ ಕೀಮೋ ಮುಂದೂಡಿದರೆ ಗಡ್ಡೆ ಹರಡಲು ಸಮಯ ಸಿಗುತ್ತದೆ. ಮಗುವಿನ ಮೂಳೆನೋವು, ಊತ ವಾರಗಟ್ಟಲೆ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ಆ ಸಂದೇಶ ಮತ್ತೆ ಬಂದರೆ, ಕಳಿಸಿದವರಿಗೆ ಇದನ್ನು ಕಳಿಸಿ ಎಂದು ಕೇಳಿಕೊಳ್ಳುತ್ತೇವೆ.