ಕಂಪ್ಯೂಟರ್ ‘ಬಗ್’ ಪದ ಹುಟ್ಟಿದ್ದು ಪತಂಗದಿಂದಲೇ? ಗ್ರೇಸ್ ಹಾಪರ್ ನಿಜವಾಗಿ ಮಾಡಿದ್ದೇನು?

ಗ್ರೇಸ್ ಹಾಪರ್ ಎಂಬ ಮಹಿಳೆ ಕಂಪ್ಯೂಟರಿನೊಳಗೆ ಸಿಕ್ಕಿಬಿದ್ದಿದ್ದ ಪತಂಗವನ್ನು ಹೊರತೆಗೆದರು, ಅಂದಿನಿಂದ ಪ್ರೋಗ್ರಾಂ ದೋಷಕ್ಕೆ ‘ಬಗ್’ ಎಂಬ ಹೆಸರು ಬಂತು ಎನ್ನುವ ಫಾರ್ವರ್ಡ್ ನಿಮ್ಮ ಮೊಬೈಲಿಗೂ ಬಂದಿರಬಹುದು. ಇದರಲ್ಲಿ ನಿಜವೆಷ್ಟು? ನೋಡೋಣ ಬನ್ನಿ.

ಪತಂಗ ಸಿಕ್ಕಿದ್ದು ನಿಜ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ 2 ಯಂತ್ರದ ರಿಲೇ ಒಂದರಲ್ಲಿ ಅದು ಸಿಕ್ಕಿತು. ಸಿಬ್ಬಂದಿ ಅದನ್ನು ದಿನಚರಿ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿದರು. ಆ ಪುಸ್ತಕ ಈಗ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಆದರೆ ಪತಂಗ ಹಿಡಿದವರು ಹಾಪರ್ ಅಲ್ಲ. ಅವರು ಆ ಕಥೆಯನ್ನು ಹೇಳಿ ಹೇಳಿ ಹೆಸರುವಾಸಿ ಮಾಡಿದವರು. ಇನ್ನು ಆ ಪದವನ್ನು ಥಾಮಸ್ ಎಡಿಸನ್ 1878ರಲ್ಲೇ ಪತ್ರವೊಂದರಲ್ಲಿ ಬಳಸಿದ್ದರು.

ಹಾಗಾದರೆ ಹಾಪರ್ ಯಾರು? 1906ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಅವರು 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪಿಎಚ್‌ಡಿ ಪಡೆದರು. ವಾಸರ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು ಎರಡನೇ ಮಹಾಯುದ್ಧದ ಹೊತ್ತಿಗೆ ನೌಕಾಪಡೆ ಸೇರಿದರು. 1944ರಲ್ಲಿ ಹಾರ್ವರ್ಡ್‌ನ ಮಾರ್ಕ್ 1 ಯಂತ್ರಕ್ಕೆ ಪ್ರೋಗ್ರಾಂ ಬರೆಯುವ ಕೆಲಸ ಸಿಕ್ಕಿತು.

ಅಲ್ಲಿ ಅವರು ಕಂಡ ದೊಡ್ಡ ತೊಂದರೆ ಕೀಟಗಳದ್ದಲ್ಲ, ಮನುಷ್ಯರದ್ದು. ಒಮ್ಮೆ ಸರಿಯಾಗಿ ಕೆಲಸ ಮಾಡಿದ ಲೆಕ್ಕದ ತುಣುಕುಗಳನ್ನು ಪ್ರೋಗ್ರಾಮರ್‌ಗಳು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡು, ಬೇಕಾದಾಗ ಕೈಯಿಂದ ನಕಲು ಮಾಡುತ್ತಿದ್ದರು. ನಕಲು ಮಾಡುವಾಗ ಅಕ್ಷರ ತಪ್ಪುತ್ತಿತ್ತು. ತುಣುಕನ್ನು ಹೊಸ ಜಾಗಕ್ಕೆ ಹೊಂದಿಸಲು ಸಂಖ್ಯೆ ಕೂಡಿಸುವಾಗ ಕೂಡಿಕೆಯೂ ತಪ್ಪುತ್ತಿತ್ತು.

ಎಷ್ಟೇ ಜಾಣರಾದರೂ ಮನುಷ್ಯರು ತಪ್ಪುತ್ತಾರೆ, ಆದ್ದರಿಂದ ಆ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಬೇಕು ಎಂದು ಹಾಪರ್ ಯೋಚಿಸಿದರು. 1952ರಲ್ಲಿ ಯೂನಿವ್ಯಾಕ್ ಕಂಪ್ಯೂಟರಿಗಾಗಿ ಎ-0 ಎಂಬ ಕಂಪೈಲರ್ ಸಿದ್ಧವಾಯಿತು. ಪರೀಕ್ಷಿಸಿದ ತುಣುಕುಗಳು ಟೇಪಿನಲ್ಲಿ ಲೈಬ್ರರಿಯಾಗಿ ಇರುತ್ತಿದ್ದವು. ಪ್ರೋಗ್ರಾಮರ್ ಗುರುತು ಬರೆದರೆ ಸಾಕು, ತುಣುಕನ್ನು ಹುಡುಕಿ ಜೋಡಿಸುವುದು ಯಂತ್ರದ ಕೆಲಸ.

ಮುಂದೆ ಅವರ ತಂಡ ಫ್ಲೋ-ಮ್ಯಾಟಿಕ್ ಭಾಷೆಯನ್ನು ರೂಪಿಸಿತು. ಅದರಲ್ಲಿ ಮಾಹಿತಿ ಓದಲು ಹೇಳುವ ಜಾಗದಲ್ಲೇ, ಮಾಹಿತಿ ಮುಗಿದುಹೋದರೆ ಯಾವ ಹೆಜ್ಜೆಗೆ ಹೋಗಬೇಕು ಎಂದೂ ಬರೆಯಬಹುದಿತ್ತು. ಅದರಿಂದ ಬಹಳಷ್ಟು ಪಡೆದುಕೊಂಡ ಕೊಬಾಲ್ ಭಾಷೆಯನ್ನು ಸಮಿತಿಯೊಂದು ರೂಪಿಸಿತು. ಹಾಪರ್ ಅದಕ್ಕೆ ಸಲಹೆಗಾರರಾಗಿದ್ದರು. 1960ರ ಕೊಬಾಲ್‌ನಲ್ಲಿ, ಉತ್ತರ ಕೊಟ್ಟ ಜಾಗದಲ್ಲಿ ಹಿಡಿಸದಿದ್ದರೆ ಏನು ಮಾಡಬೇಕು ಎಂದು ಹೇಳಲು ಪ್ರತ್ಯೇಕ ನಿಯಮವೇ ಇತ್ತು.

ಇದು ಯಾಕೆ ಮುಖ್ಯ? ನಾಲ್ಕೇ ಅಂಕಿ ಹಿಡಿಸುವ ಜಾಗದಲ್ಲಿ 12,500 ರೂಪಾಯಿ ಸಂಬಳ ಬರೆದರೆ ಎಡಗಡೆಯ 1 ಬಿದ್ದುಹೋಗಿ 2,500 ಉಳಿಯಬಹುದು. ಯಂತ್ರ ನಿಲ್ಲುವುದಿಲ್ಲ, ದೂರುವುದಿಲ್ಲ. ಸಂಬಳ ಮಾತ್ರ ಕಡಿಮೆ ಬರುತ್ತದೆ. ಸದ್ದಿಲ್ಲದ ತಪ್ಪು ಸದ್ದು ಮಾಡುವ ತಪ್ಪಿಗಿಂತ ಅಪಾಯಕಾರಿ. ಇಂದು ಹಣ ಕಳಿಸುವಾಗ ಏನೋ ಎಡವಟ್ಟಾದರೆ ಆ್ಯಪ್ ಸುಮ್ಮನಿರದೆ ಕಾರಣ ತಿಳಿಸುವುದರ ಹಿಂದೆಯೂ ಇದೇ ಬಗೆಯ ವಿಚಾರವಿದೆ: ತಪ್ಪಿಗೂ ಮೊದಲೇ ಒಂದು ದಾರಿ ಬರೆದಿಡಬೇಕು.

ಹಾಪರ್ 1986ರಲ್ಲಿ, 79ನೇ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ನೌಕಾಪಡೆಯಿಂದ ನಿವೃತ್ತರಾದರು. 1992ರ ಜನವರಿ 1ರಂದು ತೀರಿಕೊಂಡರು.

ಒಟ್ಟಿನಲ್ಲಿ ಆ ಫಾರ್ವರ್ಡ್ ಅರ್ಧ ಸತ್ಯ. ಪತಂಗ ನಿಜ, ಹೆಸರಿಟ್ಟ ಕಥೆ ಸುಳ್ಳು. ಮುಂದೆ ಕಳಿಸುವುದಿದ್ದರೆ ಹಾಪರ್ ಅವರ ಕಂಪೈಲರ್ ಕಥೆಯನ್ನೇ ಕಳಿಸಿ.